ವನಜಕ್ಕ ಬೇಡವೆಂದ ಕೆಂಪು

ಹೆಮ್ಮಾಡಿಯಿಂದ ಹೊಳೆಯ ಕಡೆಗೆ ಇಳಿಯುವ ಮಣ್ಣುದಾರಿಯ ಕೊನೆಯ ಮನೆ ವನಜಕ್ಕನದು. ಹಿಂದೆ ಬಲೆ ಹರವುತ್ತಿದ್ದ ಗಳಗಳ ಮೇಲೆ ಈಗ ಬಣ್ಣದ ನೂಲಿನ ಲಡಿಗಳು ನೇತಾಡುತ್ತವೆ. ಹಲಸಿನ ಮರದ ಹೊಟ್ಟಿನಿಂದ ತೆಗೆದ ಹಳದಿ, ಗೇರುಬೀಜದ ಒಳಸಿಪ್ಪೆಯಿಂದ ಬಂದ ಕಂದು, ಅದೇ ಕಂದಿಗೆ ಕಬ್ಬಿಣದ ತುಕ್ಕುನೀರು ಸೇರಿದರೆ ಸಿಗುವ ಮಳೆಮೋಡದ ಬಣ್ಣ. ಅಂಗಡಿಯ ಪುಡಿಬಣ್ಣ ಆ ಅಂಗಳಕ್ಕೆ ಬಂದದ್ದಿಲ್ಲ. ಈ ನೂಲೆಲ್ಲ ಬಸ್ಸು ಹತ್ತಿ ಬ್ರಹ್ಮಾವರದ ಕಡೆಗೆ ಹೋಗಿ ಸೀರೆಯಾಗುತ್ತದೆ. ಉಟ್ಟವರು ಬಣ್ಣವನ್ನು ಹೊಗಳುತ್ತಾರೆ. ವನಜಕ್ಕ ಎಂದರೆ ನನಗೆ ಮಾತ್ರ ಅವರು ಹಾಕಿದ ಬಣ್ಣಗಳಿಗಿಂತ ಮೊದಲು ಅವರು ಬೇಡವೆಂದ ಒಂದು ಬಣ್ಣ ನೆನಪಾಗುತ್ತದೆ.

ಅವರಿಗೆ ಈಗ ಅರವತ್ತು ದಾಟಿದೆ. ಹುಟ್ಟಿದ್ದು ಬೈಂದೂರು ಕಡೆಯ ಉಪ್ಪುಂದದಲ್ಲಿ, ಕಡಲಿಗೆ ಮುಖ ಮಾಡಿದ ಮೀನುಗಾರರ ಮನೆಯಲ್ಲಿ. ತಂದೆ ಚಂದು ಮರಕಾಲರದು ಹತ್ತಿನೂಲಿನ ಬಲೆಯ ಕಾಲ. ಮಳೆಗಾಲ ಮುಗಿದು ದೋಣಿ ಇಳಿಸುವ ಮುಂಚೆ ಅವರು ಮನೆಯ ಹಿಂದೆ ದೊಡ್ಡ ಹಂಡೆ ಹೂಡಿ ಕಾಂಡ್ಲದ ತೊಗಟೆ ಕುದಿಸುತ್ತಿದ್ದರು. ಕಾಂಡ್ಲ ಎಂದರೆ ಹೊಳೆ ಕಡಲಿಗೆ ಸೇರುವಲ್ಲಿ, ಉಪ್ಪುಕೆಸರಿನಲ್ಲಿ ಬೇರುಗಳ ಮೇಲೆ ಎದ್ದು ನಿಲ್ಲುವ ಮರ. ಕುದಿದ ನೀರಿಗೆ ಬಲೆ ಅದ್ದಿ ಮರಳ ಮೇಲೆ ಹರವಿದರೆ ಕಡಲಬದಿಯೆಲ್ಲ ಕೆಂಪಾಗುತ್ತಿತ್ತು. ಪುಟ್ಟ ವನಜ ಆ ಬಲೆಯ ಮೇಲೆ ಕೈಯಾಡಿಸುತ್ತ, "ಚಂದ ಕಾಂಬುಕ್ ಬಣ್ಣ ಹಾಕುದಾ ಅಪ್ಪಯ್ಯ?" ಎಂದು ಕೇಳಿದ್ದಳು.

"ಚಂದಕ್ಕಲ್ಲ ಹೆಣ್ಣೆ. ಇದ್ ಕುಡಿದ್ರೆ ಬಲೆ ಉಪ್ಪುನೀರಂಗೆ ಕೊಳೂದಿಲ್ಲ," ಎಂದಿದ್ದರು ಚಂದು ಮರಕಾಲರು.

ಆಮೇಲೆ ನೈಲಾನ್ ಬಲೆ ಬಂತು. ಅದಕ್ಕೆ ತೊಗಟೆಯ ನೀರು ಬೇಕಿರಲಿಲ್ಲ. ಹಂಡೆ ಬಚ್ಚಲಿಗೆ ಹೋಯಿತು, ಕಾಂಡ್ಲದ ವಾಸನೆ ಕೇರಿಯಿಂದಲೇ ಮರೆಯಾಯಿತು.

ಮದುವೆಯಾಗಿ ಹೆಮ್ಮಾಡಿಗೆ ಬಂದ ವನಜಕ್ಕ ಗೇರುಬೀಜದ ಕಾರ್ಖಾನೆಗೆ ಕೆಲಸಕ್ಕೆ ಹೋದರು. ಗಂಡ ಶೀನಣ್ಣ ಗಂಗೊಳ್ಳಿಯ ಬೋಟುಗಳಲ್ಲಿ ದುಡಿಯುತ್ತಿದ್ದರು. ವನಜಕ್ಕನದು ಬೀಜದ ಮೇಲಿನ ತೆಳು ಕೆಂಪು ಸಿಪ್ಪೆ ಬಿಡಿಸುವ ಕೆಲಸ. ಬೀಜ ಡಬ್ಬಿಗೆ ಹೋಗುತ್ತಿತ್ತು, ಸಿಪ್ಪೆ ಗುಡಿಸಿ ಚೀಲಕ್ಕೆ. ಒಲೆ ಹೊತ್ತಿಸಲು ಬರುತ್ತದೆಂದು ಅವರು ಒಮ್ಮೆ ಒಂದು ಚೀಲ ಸಿಪ್ಪೆ ಮನೆಗೆ ತಂದರು. ಜಡಿಮಳೆಯ ದಿನ. ನೆನೆದ ಚೀಲವನ್ನು ಜಗಲಿಯಲ್ಲಿ ಎಲ್ಲಿ ಇಟ್ಟೆನೆಂದು ನೋಡಲಿಲ್ಲ. ಇಟ್ಟದ್ದು ಶೀನಣ್ಣನ ಬಿಳಿ ಪಂಚೆಯ ಮೇಲೆ.

"ಎಂತದೇ ಇದ್? ಮದುವಿಗೆ ಹೋಪ ಪಂಚಿ ಮೇಲೆ ಎಂತ ಚೆಲ್ಲಿದ್ದಿ?" ಎಂದು ಶೀನಣ್ಣ ಕೂಗಾಡಿದರು.

ವನಜಕ್ಕ ಸೋಪು ಹಾಕಿ ತಿಕ್ಕಿದರು. ಬಿಸಿನೀರಲ್ಲಿ ನೆನೆಸಿದರು. ಕಲ್ಲಿಗೆ ಬಡಿದರು. ಒಣಗಿದ ಮೇಲೆ ಕಲೆ ಇನ್ನಷ್ಟು ಗಾಢವಾಗಿಯೇ ಕಾಣಿಸಿತು. ಬೇರೆಯವರಾಗಿದ್ದರೆ ಪಂಚೆ ಹಾಳಾಯಿತೆಂದು ಮರುಗುತ್ತಿದ್ದರೋ ಏನೋ. ವನಜಕ್ಕ ಆ ಕಲೆಯನ್ನೇ ದಿಟ್ಟಿಸಿ ನೋಡುತ್ತ ನಿಂತರು. ಮೂಗಿನ ಹತ್ತಿರ ಹಿಡಿದರು. ತಂದೆಯ ಹಂಡೆಯಿಂದ ಏಳುತ್ತಿದ್ದ ಅದೇ ಒಗರು ವಾಸನೆ. ಮರುದಿನ ಮಿಕ್ಕ ಸಿಪ್ಪೆಯನ್ನೆಲ್ಲ ಕುದಿಸಿ ಇಡೀ ಪಂಚೆಯನ್ನು ಅದರಲ್ಲಿ ಅದ್ದಿಬಿಟ್ಟರು. ಶೀನಣ್ಣ ಅದನ್ನು ಉಡಲಿಲ್ಲ. ವನಜಕ್ಕನೇ ಹರಿದು ಎರಡು ತಲೆವಸ್ತ್ರ ಮಾಡಿಕೊಂಡು ಕಾರ್ಖಾನೆಗೆ ಕಟ್ಟಿಕೊಂಡು ಹೋದರು. ಪಕ್ಕದಲ್ಲಿ ಕೂತು ಸಿಪ್ಪೆ ಬಿಡಿಸುತ್ತಿದ್ದ ಗೆಳತಿ ರತ್ನ, "ನಿಂಗೆ ಮಳ್ಳಾ ವನಜಾ? ಹಗಲಿಡೀ ಈ ಸಿಪ್ಪಿ ಕಂಡದ್ದ್ ಸಾಲ್ದಾ?" ಎಂದು ನಕ್ಕಿದ್ದರು.

ಸಾಲಲಿಲ್ಲ. ಹಳೆಯ ದಿಂಬಿನ ಚೀಲ, ಸೀರೆಯ ಒಳಲಂಗ, ಅಕ್ಕಿ ಜರಡಿಯ ಬಟ್ಟೆ, ಮನೆಯಲ್ಲಿ ಬಿಳಿಯಾಗಿದ್ದದ್ದೆಲ್ಲ ಒಂದೊಂದಾಗಿ ಬಣ್ಣ ಕುಡಿಯಿತು. ಅರಿಶಿನ ಬಿಸಿಲಿಗೆ ಓಡಿಹೋಗುತ್ತದೆಂದು ತಿಳಿಯಿತು. ಪುನರ್ಪುಳಿ ಹಣ್ಣಿನ ಕೆಂಪು ಮೊದಲ ಒಗೆತಕ್ಕೇ ಮಾಯವಾಯಿತು. ಮರದ ಮಿಲ್ಲಿನಿಂದ ಹಲಸಿನ ಹೊಟ್ಟು ಹೊತ್ತು ತಂದ ದಿನ ಮಾತ್ರ ಬಟ್ಟೆ ಜೇನಿನ ಬಣ್ಣಕ್ಕೆ ತಿರುಗಿ ಹಾಗೆಯೇ ಉಳಿಯಿತು. ಮೊಣಕಾಲು ನೋವು ಹೆಚ್ಚಾಗಿ ಕಾರ್ಖಾನೆ ಬಿಡುವವರೆಗೂ ಬಣ್ಣ ಹಾಕುವುದು ಅವರ ಭಾನುವಾರದ ಹುಚ್ಚಾಗಿಯೇ ಇತ್ತು.

ಹುಚ್ಚಿಗೊಂದು ದಾರಿ ಸಿಕ್ಕಿದ್ದು ಬಾರ್ಕೂರಿನ ನೆಂಟರ ಮನೆಗೆ ಹೋದಾಗ. ಬ್ರಹ್ಮಾವರದಲ್ಲಿ ಬಸ್ಸು ಬದಲಿಸಿ ಇಳಿದು ನಡೆಯುತ್ತಿದ್ದರು. ಒಂದು ಹೆಂಚಿನ ಮನೆಯೊಳಗಿಂದ ಲಟಕ್ ಲಟಕ್ ಎಂದು ಮಗ್ಗದ ಸದ್ದು ಕೇಳಿತು. ಒಳಗೆ ಇಣುಕಿದರೆ ಎಪ್ಪತ್ತು ದಾಟಿದ ಕುಷ್ಟ ಶೆಟ್ಟಿಗಾರರು ಸೀರೆ ನೇಯುತ್ತಿದ್ದರು. ಸೊಸೆ ಅಮಿತಾ ಪಕ್ಕದಲ್ಲಿ ರಾಟೆ ತಿರುಗಿಸಿ ನೂಲು ಸುತ್ತುತ್ತಿದ್ದಳು. ಮುಂದಿನ ವಾರವೇ ವನಜಕ್ಕ ಗೇರುಸಿಪ್ಪೆಯಲ್ಲಿ ಅದ್ದಿದ ಒಂದು ಲಡಿ ಹಿಡಿದು ಮತ್ತೆ ಅಲ್ಲಿಗೆ ಹೋದರು.

ಕುಷ್ಟ ಶೆಟ್ಟಿಗಾರರು ಲಡಿಯನ್ನು ಮೂಸಿದರು, ಎಳೆದು ನೋಡಿದರು. "ಬಣ್ಣ ನಿಲ್ಲುತ್ತಾ?"

"ಪಂಚಿಯಂಗೆ ನಿಂತಿತ್ತಲೆ ಅಣ್ಣ."

"ಪಂಚೆ ಬೇರೆ, ನೂಲು ಬೇರೆ." ಅವರು ಲಡಿಯನ್ನು ಮಾಡಿನ ಮೇಲೆ ಹರವಿ, ಅರ್ಧವನ್ನು ಹೆಂಚಿನಡಿ ಮುಚ್ಚಿ ಅರ್ಧವನ್ನು ಬಿಸಿಲಿಗೆ ಬಿಟ್ಟರು. "ಹದಿನೈದು ದಿನ ಬಿಟ್ಟು ಬಾ."

ವನಜಕ್ಕ ಮತ್ತೆ ಹೋದಾಗ ಬಿಸಿಲಿನ ಪಾಲು ತೇಪೆ ತೇಪೆಯಾಗಿ ಬಿಳಿಚಿತ್ತು. ಅವರ ಮುಖ ಸಣ್ಣದಾದದ್ದನ್ನು ಕಂಡು ಶೆಟ್ಟಿಗಾರರೇ ಮಗ್ಗದಿಂದ ಎದ್ದು ಬಂದರು. "ಬಣ್ಣದ ತಪ್ಪಲ್ಲ ಇದು. ಹೊಸ ನೂಲಿನಲ್ಲಿ ಎಣ್ಣೆಪಸೆ ಇರುತ್ತೆ. ಅದನ್ನು ತೆಗೀದೆ ಅದ್ದಿದ್ದಿ. ಒಳಗೆ ಹೋಗಲಿಕ್ಕೆ ದಾರಿ ಇಲ್ಲದೆ ಬಣ್ಣ ಮೇಲೇ ಕೂತಿದೆ." ಹಾಗೆಂದು ಸೋಡ ಹಾಕಿ ನೂಲು ಬೇಯಿಸುವುದನ್ನು ಹೇಳಿಕೊಟ್ಟರು. ಅಳಲೆಕಾಯಿಯ ನೀರಲ್ಲಿ ನೆನೆಸಿ, ಪಟಿಕದಲ್ಲಿ ಅದ್ದಿ, ಆಮೇಲೆ ಬಣ್ಣಕ್ಕಿಳಿಸುವ ಕ್ರಮ ಅವರ ತಂದೆಯ ಕಾಲದ್ದು. ಅವರಿಗೆ ಮಾತಿನಲ್ಲಿ ನೆನಪಿತ್ತು, ಕೈಯಲ್ಲಿ ಮಾಡಿ ಗೊತ್ತಿರಲಿಲ್ಲ. ಆ ಮಾತನ್ನು ವನಜಕ್ಕ ಹೆಮ್ಮಾಡಿಯ ಒಲೆಯ ಮೇಲೆ ಮತ್ತೆ ಮತ್ತೆ ಮಾಡಿ ನೋಡಿದರು. ಒಮ್ಮೆ ಪಟಿಕ ಹೆಚ್ಚಾಗಿ ನೂಲು ಬಿರುಸಾಯಿತು. ಇನ್ನೊಮ್ಮೆ ತುಕ್ಕುಹಿಡಿದ ಕಬ್ಬಿಣದ ಬಕೆಟಿನಲ್ಲಿ ತೊಳೆದು ಎಲ್ಲ ಕಪ್ಪಾಯಿತು. ಒಂದು ಮಳೆಗಾಲ ಕಳೆದು ಅವರು ಒಯ್ದ ಲಡಿ ಬಿಸಿಲಿನಲ್ಲಿಯೂ ಹೆಂಚಿನಡಿಯಲ್ಲಿಯೂ ಒಂದೇ ಬಣ್ಣವಾಗಿ ಉಳಿದಾಗ ಶೆಟ್ಟಿಗಾರರು ಅದನ್ನು ಅಮಿತಾಳ ರಾಟೆಗೆ ಹಾಕಿದರು.

ಹೀಗೆ ಕೆಲಸ ಶುರುವಾಯಿತು. ಗೇರುಸಿಪ್ಪೆಯ ಕಂದು ಮೈ, ಹಲಸಿನ ಹಳದಿ ಅಂಚು. ಕುಂದಾಪುರದ ಶಿಕ್ಷಕಿಯರು, ಸಾಲಿಗ್ರಾಮದ ಕೆಲವು ಮನೆಯವರು ಒಬ್ಬರಿಂದ ಒಬ್ಬರು ಕೇಳಿ ಕೊಳ್ಳತೊಡಗಿದರು. ಹೆಚ್ಚೇನಲ್ಲ, ಆದರೆ ಮಗ್ಗ ನಿಲ್ಲಲಿಲ್ಲ.

ಆ ಕೆಂಪು ಬಂದದ್ದು ಒಂದು ಗಾಳಿಮಳೆಯ ಮರುದಿನ. ಹೊಳೆಯಲ್ಲಿ ತೇಲಿಬಂದ ದೊಡ್ಡದೊಂದು ಕಾಂಡ್ಲದ ಕೊಂಬೆ ವನಜಕ್ಕನ ಮನೆಯ ಹತ್ತಿರದ ದಂಡೆಗೆ ಸಿಕ್ಕಿಕೊಂಡಿತ್ತು. ಮುರಿದ ಜಾಗದಲ್ಲಿ ತೊಗಟೆಯ ಒಳಮೈ ಕೆಂಪಾಗಿ ಕಂಡಿತು. ಅವರು ಕತ್ತಿ ತಂದು ಸುಲಿದರು, ಕುದಿಸಿದರು. ಮಳೆಯಲ್ಲಿ ನೆನೆದ ಮುರಕಲ್ಲಿನ ಗೋಡೆಗೆ ಇಳಿಬಿಸಿಲು ಬಿದ್ದರೆ ಒಂದು ಕೆಂಪು ಹೊಳೆಯುತ್ತದಲ್ಲ, ಆ ಕೆಂಪು. ಲಡಿಯನ್ನು ಗಳಕ್ಕೆ ಹಾಕಿ ವನಜಕ್ಕ ಮೆಟ್ಟಿಲ ಮೇಲೆ ಕೂತು ಅತ್ತರಂತೆ. ಕೇಳಿದರೆ, "ಅಪ್ಪಯ್ಯನ ಕಂಡ್ಹಾಂಗ್ ಆಯ್ತ್," ಎನ್ನುತ್ತಾರೆ, ಅಷ್ಟೇ.

ಆ ನೂಲಿನಿಂದ ಒಂದೇ ಸೀರೆ ಆಯಿತು. ಅದು ಮಗ್ಗದಿಂದ ಇಳಿದ ವಾರವೇ ಶೆಟ್ಟಿಗಾರರ ಮನೆಗೆ ಪ್ರಫುಲ್ಲಾ ಬಂದರು. ಬೈಂದೂರು ಮೂಲದವರು, ಹುಟ್ಟಿ ಬೆಳೆದದ್ದು ಮುಂಬಯಿ, ಅಲ್ಲಿ ಕೈಮಗ್ಗದ ಸೀರೆಯ ಅಂಗಡಿ. ದೈವದ ಪೂಜೆಗೆಂದು ಊರಿಗೆ ಬಂದವರು ಯಾರೋ ಹೇಳಿದ್ದನ್ನು ಕೇಳಿ ಹುಡುಕಿಕೊಂಡು ಬಂದಿದ್ದರು. ಕೆಂಪು ಸೀರೆಯನ್ನು ಕೈಗೆ ತೆಗೆದುಕೊಂಡವರು ಕೆಳಗಿಡಲಿಲ್ಲ. "ಇದೇ ಕೆಂಪ್ ಬೇಕ್ ನಂಗೆ. ದೀಪಾವಳಿ ಒಳಗೆ ಎಷ್ಟ್ ಆತ್ತೋ ಅಷ್ಟೂ ಕೊಡಿ. ಬೇರೆ ಬಣ್ಣ ಎಂತದೂ ಬ್ಯಾಡ," ಎಂದರು.

ಕುಷ್ಟ ಶೆಟ್ಟಿಗಾರರು ಅಷ್ಟು ಉಲ್ಲಾಸದಿಂದಿದ್ದುದನ್ನು ಅಮಿತಾ ಮದುವೆಯಾಗಿ ಬಂದ ಮೇಲೆ ಕಂಡಿರಲಿಲ್ಲ. ಅಟ್ಟದಲ್ಲಿ ಬಿಚ್ಚಿಟ್ಟಿದ್ದ ಎರಡನೆಯ ಮಗ್ಗವನ್ನು ಇಳಿಸಿ ಅವಳಿಗಾಗಿ ಹೂಡಿದರು. ನೂಲಿನ ಮೂಟೆಗಳು ಬಂದವು.

ಹೆಮ್ಮಾಡಿಯಲ್ಲಿ ಶೀನಣ್ಣನೂ ಬದಲಾಗಿದ್ದರು. ಸೊಂಟದ ಪೆಟ್ಟಿನಿಂದ ಬೋಟಿನ ಕೆಲಸ ಬಿಟ್ಟು ಮನೆಯಲ್ಲಿದ್ದ ಅವರು ಹೆಂಡತಿಯ ಹಂಡೆಯ ಹತ್ತಿರ ಸುಳಿದವರಲ್ಲ. ಮುಂಬಯಿಯ ಸುದ್ದಿ ಕೇಳಿದ ಮೇಲೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಸಣ್ಣ ದೋಣಿ ತಳ್ಳಿಕೊಂಡು ಹೋದರು. ಮಧ್ಯಾಹ್ನ ತಿರುಗಿ ಬಂದಾಗ ದೋಣಿಯ ತುಂಬ ಕಾಂಡ್ಲದ ತೊಗಟೆ.

"ವನಜಾ, ಕಾಣ್ ಇಲ್ಲಿ! ನೀನ್ ಕೇಳ್ದೇ ತಂದದ್ದ್," ಎಂದು ಅಂಗಳದಲ್ಲಿ ಚೀಲ ಸುರಿದು ನಿಂತರು. ಬೆವರು ಹರಿಯುತ್ತಿತ್ತು, ಮುಖದಲ್ಲಿ ನಗುವಿತ್ತು.

ಇಷ್ಟು ವರ್ಷ ಹಂಡೆಯನ್ನು ಬೈದವರು ಈಗ ಸೊಂಟನೋವು ಮರೆತು ಹುಟ್ಟು ಹಾಕಿ ಬಂದಿದ್ದರು. ವನಜಕ್ಕ ಬಾಗಿ ಒಂದು ತುಂಡು ಎತ್ತಿಕೊಂಡರು. ಅದು ಕೊಳವೆಯಂತೆ ಸುರುಳಿ ಸುತ್ತಿಕೊಂಡಿತ್ತು. ಮರದ ಸುತ್ತಲಿಂದ ಒಂದೇ ಸಮ ಎದ್ದುಬಂದ ತೊಗಟೆ.

"ಸುತ್ತಲೂ ಸುಲ್ದ್ರಾ?"

"ಮತ್ತೆ? ಅರ್ಧ ಸುಲ್ದ್ರೆ ಎಷ್ಟ್ ಸಿಕ್ಕತ್ತ್? ಇನ್ನೂ ಸುಮಾರ್ ಮರ ಇತ್ತ್ ಅಲ್ಲಿ, ನೀ ಹೆದರ್ಬೇಡ."

"ನಂಗೊಂದ್ಸಲ ಕಾಣ್ಕ್. ಕರ್ಕಂಡ್ ಹೋಯ್ನಿ."

ಮರುದಿನ ಬೆಳಿಗ್ಗೆ ಇಳಿತದ ಹೊತ್ತಿಗೆ ಇಬ್ಬರೂ ದೋಣಿಯಲ್ಲಿ ಹೋದರು. ಕಾಂಡ್ಲದ ಗುಂಪಿನೊಳಗೆ ದೋಣಿ ನುಗ್ಗಿದಾಗ ಮೊದಲು ಕಂಡದ್ದು ಸುಲಿದ ಬೊಡ್ಡೆಗಳು. ಸೊಂಟದೆತ್ತರದವರೆಗೆ ಬೆತ್ತಲೆಯಾಗಿ, ಹಸಿಗಾಯದಂತೆ ಕೆಂಪಾಗಿ ನಿಂತಿದ್ದವು. ಮೇಲೆ ಎಲೆ ಇನ್ನೂ ಹಸಿರಾಗಿತ್ತು. ಕೆಳಗೆ ಬೇರುಗಳ ನಡುವಿನ ತಿಳಿನೀರಿನಲ್ಲಿ ಕೂದಲೆಳೆಯಷ್ಟು ಸಣ್ಣ ಸಿಗಡಿಮರಿಗಳು ಗುಂಪಾಗಿ ತೇಲುತ್ತಿದ್ದವು. ಏಡಿಯೊಂದು ಸುಲಿದ ಬೊಡ್ಡೆಯನ್ನು ಹತ್ತಲು ನೋಡಿ ಜಾರಿ ಬಿತ್ತು.

"ಸುತ್ತ ತೊಗಟಿ ಹೋದ್ರೆ ಮರ ಒಣಗತ್ತ್," ಎಂದರು ವನಜಕ್ಕ.

ಶೀನಣ್ಣ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡರು. ಅವರ ದನಿ ಏರಿತು. "ನಿನ್ ಅಪ್ಪಯ್ಯ ಮಾಡ್ಲಿಲ್ಯಾ? ಅವ್ರ್ ತಂದದ್ದ್ ಎಲ್ಲಿಂದ?"

"ಅಪ್ಪಯ್ಯ ತಂದದ್ದ್ ಬಲೆಗೆ. ಬಲೆ ನೆನೆದ್ರೆ ಅವ್ರಿಗೆ ಸಾಕಾತಿತ್ತ್. ನಾವ್ ತರುದ್ ಅಂಗ್ಡಿಗೆ. ಅಂಗ್ಡಿಗೆ ಸಾಕಂಬುದ್ ಇತ್ತಾ?"

"ಇಷ್ಟ್ ವರ್ಷ ಎಂತದೂ ಮಾಡ್ಲಿಲ್ಲ ಅಂದ್ಕಂಡೆ. ಈಗ ಮಾಡಿರೂ ತಪ್ಪಾಯ್ತ್," ಎಂದು ಶೀನಣ್ಣ ದೋಣಿ ತಿರುಗಿಸಿದರು. ಮನೆಗೆ ಬಂದ ಮೇಲೆ ಎಷ್ಟೋ ದಿನ ಊಟದ ಹೊತ್ತಿಗೆ ಬೇಕಾದಷ್ಟೇ ಮಾತು.

ತಂದ ತೊಗಟೆಯನ್ನು ವನಜಕ್ಕ ಎಸೆಯಲಿಲ್ಲ. ಸುಲಿದದ್ದನ್ನು ಮತ್ತೆ ಮರಕ್ಕೆ ಅಂಟಿಸಲಾಗುವುದಿಲ್ಲವಲ್ಲ. ಅದು ಬರುವಷ್ಟು ನೂಲಿಗೆ ಬಣ್ಣ ಹಾಕಿ, ಲಡಿಗಳನ್ನು ಕಟ್ಟಿಕೊಂಡು ಬ್ರಹ್ಮಾವರದ ಬಸ್ಸು ಹತ್ತಿದರು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು.

ಕುಷ್ಟ ಶೆಟ್ಟಿಗಾರರು ಲಡಿಗಳನ್ನು ನೋಡಿ ಹಿಗ್ಗಿದರು. "ಉಳಿದದ್ದು ಯಾವಾಗ?"

"ಉಳಿದದ್ದ್ ಇಲ್ಲ ಅಣ್ಣ. ಈ ಕೆಂಪ್ ಇಷ್ಟೇ," ಎಂದ ವನಜಕ್ಕ ಹೊಳೆಯಲ್ಲಿ ಕಂಡದ್ದನ್ನೆಲ್ಲ ಹೇಳಿದರು.

ಶೆಟ್ಟಿಗಾರರ ಕೈ ಮಗ್ಗದ ಮರದ ಮೇಲೆಯೇ ನಿಂತಿತು. "ಎರಡು ಮಗ್ಗ ಹೂಡಿ ಕೂತಿದ್ದೇನೆ ನಾನು. ಈ ವಯಸ್ಸಿನಲ್ಲಿ. ಮೊದಲೇ ಒಂದು ಮಾತು ಹೇಳಬಾರದಿತ್ತಾ?"

"ಮೊದ್ಲ್ ನಂಗೇ ಗೊತ್ತಿರ್ಲಿಲ್ಲ. ಕಂಡ್ಮೇಲೆ ಗೊತ್ತಾಯ್ತ್."

ಅವರು ಎದ್ದು ಹೊರಗೆ ಹೋಗಿ ಜಗಲಿಯ ಕಂಬಕ್ಕೊರಗಿ ನಿಂತರು. ಅಮಿತಾ ಒಳಗಿಂದ ಮೆಲ್ಲಗೆ, "ಮಾವ, ನೂಲು ಬಿಳಿಯೇ ಇದೆಯಲ್ಲ. ಮಗ್ಗಕ್ಕೆ ಯಾವ ಬಣ್ಣವಾದರೇನು?" ಎಂದಳು. ಶೆಟ್ಟಿಗಾರರು ವನಜಕ್ಕನನ್ನು ಎದ್ದು ಹೋಗು ಎನ್ನಲಿಲ್ಲ.

ಅಲ್ಲಿಂದಲೇ ವನಜಕ್ಕ ಪ್ರಫುಲ್ಲಾರಿಗೆ ಫೋನು ಮಾಡಿದರು. ಆ ಕಡೆಯಿಂದ ಮೊದಲು ನಗು, ಆಮೇಲೆ ಸಿಟ್ಟು. "ನೀವ್ ಬಿಟ್ರೆ ಮರ ಉಳೀತಾ ವನಜಕ್ಕ? ಬೇರೆ ಯಾರಾರೂ ಕಡಿತ್ರ್."

"ಉಳೀತೋ ಇಲ್ಯೋ ನಂಗ್ ಗೊತ್ತಿಲ್ಲ. ನನ್ ಕೈಯಾರೆ ಹೋಪುದ್ ಬ್ಯಾಡ."

"ಹಾಂಗಾರೆ ನಂಗೂ ಬೇರೆ ಎಂತದೂ ಬ್ಯಾಡ," ಎಂದು ಫೋನು ಇಟ್ಟರು.

ವನಜಕ್ಕ ಹೆಮ್ಮಾಡಿಗೆ ಬಂದು ಮತ್ತೆ ಹಂಡೆ ಹೂಡಿದರು. ಗೇರುಸಿಪ್ಪೆಯ ಕಂದನ್ನು ಕೆಂಪಿನ ಕಡೆಗೆ ಎಳೆಯಬಹುದೇ ಎಂದು ನೋಡತೊಡಗಿದರು. ಸುಣ್ಣದ ತಿಳಿಯಲ್ಲಿ ಅದ್ದಿದರೆ ಬಣ್ಣ ತುಸು ಕೆಂಪೇರುತ್ತಿತ್ತು, ಆದರೆ ಜೀವವಿರಲಿಲ್ಲ. ಅದರ ಮೇಲೆ ಅಡಿಕೆಯ ಚೊಗರು ಹಾಕಿ ನೋಡಬೇಕೆಂದುಕೊಂಡರು. ಎಳೆ ಅಡಿಕೆ ಬೇಯಿಸಿದಾಗ ಉಳಿಯುವ ಆ ಮಂದ ಕೆಂಪುನೀರು ಸಿಗುವುದು ಘಟ್ಟದ ಮೇಲೆ, ಅಡಿಕೆ ಬೇಯಿಸುವ ಮನೆಗಳಲ್ಲಿ. ಅಲ್ಲಿ ಅವರಿಗೆ ಪರಿಚಯದವರಿರಲಿಲ್ಲ. ಚೊಗರು ಎಲ್ಲಿ ಸಿಕ್ಕೀತೆಂದು ಪಕ್ಕದ ಮನೆಯವರ ಹತ್ತಿರ ವಿಚಾರಿಸುತ್ತಿದ್ದುದು ಶೀನಣ್ಣನ ಕಿವಿಗೆ ಬಿದ್ದಿರಬೇಕು. ಮಳೆ ಹಿಂದಾದ ಮೇಲೆ ಒಂದು ಸಂಜೆ ಅವರು ಹೊಸನಗರದ ಬಸ್ಸಿನಿಂದ ಇಳಿದುಬಂದರು. ಕೈಯಲ್ಲಿ ಮುಚ್ಚಳ ಬಿಗಿದ ಕ್ಯಾನು.

"ಎಂತದಿದ್?"

"ನಿನ್ನ ಚೊಗರು. ಈ ಸಲ ಅಡ್ಕಿ ಬೇಯ್ಸುವವ್ರ ಹತ್ರ ಕೇಂಡೇ ತಂದದ್ದ್. ಅವ್ರಿಗೆ ಬ್ಯಾಡದ್ದೇ ಕೊಟ್ಟದ್ದ್," ಎಂದು ಶೀನಣ್ಣ ಕ್ಯಾನನ್ನು ಹಂಡೆಯ ಪಕ್ಕ ಇಟ್ಟು, ತಾವೇ ಒಲೆಗೆ ಬೆಂಕಿ ಮಾಡಲು ಕೂತರು.

ಕೊನೆಗೆ ಬಂದದ್ದು ಒಂದು ಒಳ್ಳೆಯ ಕೆಂಪು. ಸ್ವಲ್ಪ ಇಟ್ಟಿಗೆಯ ಕಡೆಗೆ ವಾಲಿದ, ಗಟ್ಟಿಯಾದ ಕೆಂಪು. ಕುಷ್ಟ ಶೆಟ್ಟಿಗಾರರು ಅದನ್ನು ಕಾಂಡ್ಲದ ನೂಲಿನ ಪಕ್ಕ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಇದು ಅದಲ್ಲ."

"ಅಲ್ಲ ಅಣ್ಣ."

ಮಾಡಿನ ಮೇಲೆ ಹರವಿ ಅರ್ಧ ಮುಚ್ಚಿಟ್ಟು, ಮತ್ತೆ ನೋಡಿ, "ಆದರೆ ಇದನ್ನು ನೇಯಬಹುದು," ಎಂದರು. ದೀಪಾವಳಿ ಅಷ್ಟರಲ್ಲಿ ಕಳೆದುಹೋಗಿತ್ತು. ಆ ಮಾತನ್ನು ಯಾರೂ ಎತ್ತಲಿಲ್ಲ. ಅಂದಿನಿಂದ ಎರಡೂ ಮಗ್ಗ ಓಡಿದವು.

ಪ್ರಫುಲ್ಲಾ ಮತ್ತೆ ಬಂದದ್ದು ಮುಂದಿನ ಪೂಜೆಯ ಸಮಯಕ್ಕೆ. ಹೊಸ ಕೆಂಪಿನ ಸೀರೆಯನ್ನು ಬಹಳ ಹೊತ್ತು ನೋಡಿದರು, ಹೆಗಲ ಮೇಲೆ ಹಾಕಿಕೊಂಡರು, ಕೆಲವನ್ನು ತೆಗೆದಿರಿಸಿದರು. "ಇದನ್ನೂ ಕಾಂಡ್ಲದ ಕೆಂಪ್ ಅಂದ್ಹೇಳಿಯೇ ಇಡ್ತೆ ಅಕ್ಕ. ಮುಂಬೈಯಂಗೆ ಯಾರಿಗ್ ಗೊತ್ತಾತ್ತ್?" ಎಂದರು.

"ಬ್ಯಾಡ. ಹಾಂಗ್ ಹೇಳಿರೆ ಅದನ್ನೇ ಕೇಂಬುಕ್ ಜನ ಬತ್ರ್," ಎಂದರು ವನಜಕ್ಕ. "ಗೇರ್ ಸಿಪ್ಪಿ, ಅಡ್ಕಿ ಚೊಗರು ಅಂದೇ ಹೇಳಿ. ಅದಕ್ಕೆಂತ ಮರ್ಯಾದಿ ಕಮ್ಮಿಯಾ?"

ಪ್ರಫುಲ್ಲಾ ನಕ್ಕು ಸೀರೆಯ ಚೀಟಿಯಲ್ಲಿ ಹಾಗೆಯೇ ಬರೆಸಿದರು. ಈಗಲೂ ವರ್ಷಕ್ಕೊಮ್ಮೆ ಬಂದು ಒಯ್ಯುತ್ತಾರೆ. ದೊಡ್ಡ ವ್ಯಾಪಾರವೇನೂ ಆಗಿಲ್ಲ. ಅಮಿತಾ ಮಾವನಿಗಿಂತ ಚೆನ್ನಾಗಿ ಅಂಚು ನೇಯುತ್ತಾಳೆ ಎಂದು ಶೆಟ್ಟಿಗಾರರೇ ಹೇಳುತ್ತಾರೆ.

ಸುಲಿದ ಮರಗಳು ಬದುಕಲಿಲ್ಲ. ವನಜಕ್ಕ ಅದನ್ನು ಮುಚ್ಚಿಡುವುದಿಲ್ಲ, ಕೇಳಿದವರಿಗೆ ದೋಣಿಯಲ್ಲಿ ಕರೆದೊಯ್ದು ತೋರಿಸುತ್ತಾರೆ. ಶೀನಣ್ಣ ಮಳೆಗಾಲದಲ್ಲಿ ಕಾಂಡ್ಲದ ಕೋಡಿನಂಥ ಉದ್ದನೆಯ ಬೀಜದ ಮೊಳಕೆಗಳನ್ನು ಆರಿಸಿ ತಂದು ಅಲ್ಲಿನ ಕೆಸರಿಗೆ ಊರುತ್ತಾರೆ. ಕೊಚ್ಚಿಹೋದವೇ ಹೆಚ್ಚು. ನಿಂತ ಕೆಲವು ಈಗ ಅವರ ಎದೆಯೆತ್ತರಕ್ಕೆ ಬಂದಿವೆ.

ಹೋದ ತಿಂಗಳು ನಾನು ಹೋದಾಗ ಅಂಗಳದಲ್ಲಿ ಹಲಸಿನ ಹೊಟ್ಟು ಕುದಿಯುತ್ತಿತ್ತು. ಬೈಂದೂರಿನಿಂದ ಕೆಲಸ ಕಲಿಯಲು ಬಂದಿದ್ದ ನಾಲ್ಕೈದು ಹೆಂಗಸರು ಸುತ್ತ ಕೂತಿದ್ದರು. ವನಜಕ್ಕ ಕೋಲಿನಿಂದ ಲಡಿ ಎತ್ತಿ ತೋರಿಸುತ್ತ ಏನೋ ಹೇಳುತ್ತಿದ್ದವರು, ನನ್ನನ್ನು ಕಂಡು ಕೂತುಕೊಳ್ಳಲು ಸನ್ನೆ ಮಾಡಿ, ಒಲೆಯ ಕಡೆಗೆ ತಿರುಗಿ ಗದರಿದರು.

"ಹ್ವಾಯ್, ಬೆಂಕಿ ಸಣ್ಣ ಮಾಡಿ! ಹಳದಿ ಕಪ್ಪಾತ್ತ್ ಕಾಣಿ."

"ಮಾಡ್ದೆ ಮಾರಾಯ್ತಿ, ಮಾಡ್ದೆ," ಎನ್ನುತ್ತ ಶೀನಣ್ಣ ಉರಿಯುವ ಕೊಳ್ಳಿಯೊಂದನ್ನು ಹೊರಕ್ಕೆಳೆದರು.